ಮೂರನೆಯ ಕಲ್ಲು

ನಮ್ಮೂರಿಗೂ ಕೊಟ್ಟೂರಿಗೂ ನಡುವೆ ಒಂದು ಹಳ್ಳವಿದೆ. ವರ್ಷದ ಹತ್ತು ತಿಂಗಳು ಅದು ಹಳ್ಳವಲ್ಲ, ಬರೀ ಮರಳು. ಅದರಲ್ಲಿ ಕುರಿ ಮಲಗುತ್ತವೆ, ಹೆಂಗಸರು ಒರತೆ ತೋಡಿ ಕೊಡ ತುಂಬಿಕೊಳ್ಳುತ್ತಾರೆ. ಉಳಿದ ಎರಡು ತಿಂಗಳಲ್ಲಿ ಮಾತ್ರ, ಮೇಲೆ ಜಗಳೂರ ಕಡೆ ಎಲ್ಲೋ ಮಳೆ ಬಿದ್ದು, ನಮ್ಮಲ್ಲಿ ಒಂದು ಹನಿಯೂ ಇಲ್ಲದ ದಿನ, ಇದ್ದಕ್ಕಿದ್ದಂತೆ ಕೆಂಪು ನೀರು ಬಂದುಬಿಡುತ್ತದೆ. ಸಂತೆಗೆ ಹೋದವರು ಆಚೆ ದಂಡೆಯಲ್ಲಿ, ಊರು ಈಚೆ ದಂಡೆಯಲ್ಲಿ. ಆಗ ಸೇತುವೆ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಜನ ನಮ್ಮಪ್ಪನನ್ನು ಕರೆಯುತ್ತಿದ್ದರು. ಅಪ್ಪ ಅವಸರ ಮಾಡುತ್ತಿರಲಿಲ್ಲ. ನೀರಿನ ಅಂಚಿಗೆ ಒಂದು ಕಲ್ಲು ಇಟ್ಟು, ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನೀರು ಏರಿ ಆ ಕಲ್ಲು ಮುಳುಗಿದರೆ ಒಂದು ಮೊಳ ಹಿಂದೆ ಎರಡನೆಯ ಕಲ್ಲು. ಅದೂ ಮುಳುಗಿದರೆ ಮೂರನೆಯದು. ಯಾವುದೋ ಒಂದು ಕಲ್ಲಿನ ಬುಡದಲ್ಲಿ ನೀರು ನಿಂತು, ಕೆಂಪು ಹೋಗಿ ತಿಳಿಯಾಗತೊಡಗಿತು ಅಂದರೆ ಹಳ್ಳದ ಸಿಟ್ಟು ಇಳಿಯಿತು ಅಂತ ಲೆಕ್ಕ. ಆಗ ಅಪ್ಪ ಧೋತರ ಮೇಲೆ ಕಟ್ಟಿ ಆಚೆ ಹೋಗಿ, ಒಬ್ಬರ ಕೈ ಒಬ್ಬರಿಗೆ ಹಿಡಿಸಿ ಎಲ್ಲರನ್ನೂ ಕರೆತರುತ್ತಿದ್ದ. ಎಲ್ಲರೂ ದಾಟಿದ ಮೇಲೆ ಆ ಕಲ್ಲುಗಳನ್ನು ಎತ್ತಿ ಹಳ್ಳಕ್ಕೆ ಎಸೆಯುವುದು ರೂಢಿ. ಒಬ್ಬರು ಆಚೆ ಉಳಿದಿದ್ದರೂ ಕಲ್ಲು ಮುಟ್ಟುವಂತಿರಲಿಲ್ಲ.

“ನೀರು ಕೆಂಪಿದ್ರ ಕೂತ್ಕ. ತಿಳಿ ಆತಂದ್ರ ಇಳಿ. ಇಷ್ಟ ಐತಿ, ಇದರಾಗ ದೊಡ್ಡ ವಿದ್ಯೆ ಏನಿಲ್ಲ,” ಅನ್ನುತ್ತಿದ್ದ ಅಪ್ಪ.

ನನಗೆ ಆ ಇಷ್ಟೂ ಬರಲಿಲ್ಲ. ನೀರೆಂದರೆ ನಾನು ಮೊದಲಿಂದ ಪುಕ್ಕಲು. ಮೊಣಕಾಲುದ್ದ ನೀರಿನಲ್ಲೂ ಯಾರದಾದರೂ ಸೊಂಟ ಹಿಡಿದುಕೊಳ್ಳುತ್ತಿದ್ದೆ. ಕಲಿತವನು ನನ್ನ ತಮ್ಮ. ಹದಿನೈದು ತುಂಬುವುದರೊಳಗೆ ಅವನು ಅಪ್ಪ ಇಲ್ಲದ ದಿನ ತಾನೇ ಕಲ್ಲಿಟ್ಟು ಜನರನ್ನು ದಾಟಿಸುತ್ತಿದ್ದ. ಅಪ್ಪನಿಗೆ ಅವನ ಮೇಲೆ ಹೆಚ್ಚು ಪ್ರೀತಿ ಇತ್ತು. ಅದನ್ನು ಮುಚ್ಚಿಡುವ ಗೋಜಿಗೂ ಅವನು ಹೋಗಿರಲಿಲ್ಲ. ನಾನು ಓದಿ ಹಡಗಲಿ ಹತ್ತಿರದ ಒಂದು ಶಾಲೆಗೆ ಮಾಸ್ತರನಾದಾಗ, “ಚಲೋ ಆತು, ನೀರಿಲ್ಲದ ಕೆಲಸ ಸಿಕ್ತು,” ಅಂದಿದ್ದ. ನಾನು ಎರಡು ದಿನ ಮಾತು ಬಿಟ್ಟಿದ್ದೆ.

ತೊಂಬತ್ತರ ದಶಕದ ಕೊನೆಗೆ ತಮ್ಮನಿಗೆ ಅರಣ್ಯ ರಕ್ಷಕನ ಕೆಲಸ ಸಿಕ್ಕಿತು. ಹಾಕಿದ್ದು ಘಟ್ಟದ ಕೆಳಗೆ, ಕಡಲಿಗೆ ಹತ್ತಿಕೊಂಡ ಒಂದು ರಾಷ್ಟ್ರೀಯ ಉದ್ಯಾನಕ್ಕೆ. ಅದರ ಹೆಸರು ಬರೆಯಲು ನನಗೆ ಇಂದಿಗೂ ಮನಸ್ಸಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ‘ಪಾರ್ಕು’ ಅಂತಲೇ ಹೆಸರಾಯಿತು. ಸಂಕ್ರಾಂತಿ ಮುಗಿಸಿಕೊಂಡು ಹೋದ. ಅವ್ವ ಒಂದು ಡಬ್ಬಿ ಶೇಂಗಾ ಚಟ್ನಿ, ನಲವತ್ತು ಕಟಕ ರೊಟ್ಟಿ ಕಟ್ಟಿಕೊಟ್ಟಿದ್ದಳು. ಆ ರೊಟ್ಟಿ ಮುಗಿಯುವಷ್ಟರಲ್ಲಿ ಅವನೇ ಮುಗಿದುಹೋದ. ಕೆಲಸಕ್ಕೆ ಸೇರಿದ ಹನ್ನೊಂದನೆಯ ದಿನ, ಒಂದು ಚೌಕಿಯಿಂದ ಇನ್ನೊಂದು ಚೌಕಿಗೆ ಒಬ್ಬನೇ ನಡೆದು ಹೋಗುತ್ತಿದ್ದಾಗ, ಕಡಲು ಸೇರುವ ಒಂದು ಹಳ್ಳದಲ್ಲಿ ಕೊಚ್ಚಿಹೋದ ಅಂತ ಸುದ್ದಿ ಬಂತು. ಎರಡು ದಿನ ಬಿಟ್ಟು ಮೀನುಗಾರರಿಗೆ ಸಿಕ್ಕ. ಜೀಪಿನಲ್ಲಿ ತಂದರು. ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು.

ಅಪ್ಪ ಅಳಲಿಲ್ಲ. ನಂಬಲೂ ಇಲ್ಲ. “ನನ್ನ ಮಗ ನೀರಿನಾಗ ತಪ್ಪು ಮಾಡಂಗಿಲ್ಲ,” ಅನ್ನುವುದೊಂದೇ ಮಾತು. ಕಾಡಿನ ಮರ ಕದಿಯುವ ನಾಟಾ ಕಳ್ಳರು ಹೊಡೆದು ನೀರಿಗೆ ಹಾಕಿದ್ದಾರೆ ಅಂತ ಒಂದು ದಿನ. ಜೊತೆಯವರೇ ಏನೋ ಮುಚ್ಚಿಡುತ್ತಿದ್ದಾರೆ ಅಂತ ಇನ್ನೊಂದು ದಿನ. ಊರಿನವರೂ ಸುಮ್ಮನಿರಲಿಲ್ಲ. ಕೊಟ್ಟೂರಿನ ಮಂಡಕ್ಕಿ ಮಿರ್ಚಿ ಅಂಗಡಿಯಲ್ಲಿ ಯಾರೋ ನನ್ನ ಬೆನ್ನಿಗೇ, “ಊರಿಗೆಲ್ಲ ನೀರು ದಾಟಿಸಾವನ ಮಗ ನೀರಾಗ ಹೋದ ನೋಡ್ರಿ,” ಅಂದರು. ಮೈಯೆಲ್ಲ ಉರಿದುಹೋಯಿತು. ತಿರುಗಿ ನೋಡಿದರೆ ಅಂದವನು ಅಪ್ಪನ ಕೈ ಹಿಡಿದು ಎಷ್ಟೋ ಸಲ ಹಳ್ಳ ದಾಟಿದವನೇ.

ಯುಗಾದಿ ಹತ್ತಿರ ಬಂದಾಗ ಅಪ್ಪ ಹಡಗಲಿಗೆ ನನ್ನ ಬಾಡಿಗೆ ಮನೆಗೇ ಬಂದ. ಕೈಯಲ್ಲಿ ಚೀಲವಿತ್ತು.

“ಅವ ನಡೆದ ದಾರಿ ನಾ ನಡೀಬೇಕು. ಆ ಹಳ್ಳ ನನ್ನ ಕಣ್ಣೀಲೆ ನೋಡ್ಬೇಕು. ನೀ ಬರ್ತಿ ಏನಲೇ, ಇಲ್ಲಂದ್ರ ನಾನೊಬ್ನ ಹೋಗ್ತೀನಿ.”

ಬೇಡ ಅಂದೆ. ನೋಡಿ ಏನು ಮಾಡುತ್ತೀ ಅಂದೆ. ಅಪ್ಪ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತ. ಹಳ್ಳದ ದಂಡೆಯಲ್ಲಿ ಕೂರುವ ಹಾಗೇ ಕೂತ. ಅವನು ಹಾಗೆ ಕೂತರೆ ಏಳಿಸಲು ಯಾರಿಂದಲೂ ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಮೂರು ದಿನ ರಜೆ ಬರೆದುಕೊಟ್ಟೆ.

ಮೂರು ಬಸ್ಸು ಬದಲಿಸಿದೆವು. ಘಟ್ಟದ ತಿರುವುಗಳಲ್ಲಿ ಅಪ್ಪ ಎರಡು ಸಲ ವಾಂತಿ ಮಾಡಿಕೊಂಡ. ಮರುದಿನ ಬೆಳಗಾಗುವಷ್ಟರಲ್ಲಿ ಪಾರ್ಕಿನ ಮೊದಲ ಚೌಕಿಯಲ್ಲಿದ್ದೆವು. ತಮ್ಮನ ಜೊತೆ ಅದೇ ಕೋಣೆಯಲ್ಲಿ ಮಲಗುತ್ತಿದ್ದ ಗಾರ್ಡು ನಮ್ಮನ್ನು ಕರೆದೊಯ್ಯಲು ಒಪ್ಪಿದ್ದ. ಆ ಸೀಮೆಯವನೇ, ತಮ್ಮನಷ್ಟೇ ವಯಸ್ಸು. ಅಪ್ಪನ ಕಾಲು ಮುಟ್ಟಿದ. ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ.

“ಹೋಗಿ ಬರಲು ಹತ್ತು ಮೈಲಿ ಮೇಲೆ ಆಗ್ತದೆ ಯಜಮಾನ್ರೆ. ದಾರಿ ಸುಲಭ ಇಲ್ಲ,” ಅಂದ ಗಾರ್ಡು.

“ಕೂಡ್ಲಿಗಿ ಸಂತಿಗೆ ನಡಕೊಂತ ಹೋಗಿ ಬಂದಾವ ಅದೀನಿ. ನಡ್ರಿ,” ಅಂದ ಅಪ್ಪ.

ಆದರೆ ಅದು ನಮ್ಮ ಕಾಲು ಕಲಿತ ದಾರಿಯಲ್ಲ. ನಮ್ಮ ಕಡೆ ನೆಲ ಗಟ್ಟಿ, ಕಣ್ಣು ಹಾಯಿಸಿದಷ್ಟೂ ಬಯಲು. ಹರಪನಹಳ್ಳಿಯಿಂದ ಹೊರಟವನಿಗೆ ಬಾಗಳಿಯ ಗುಡಿ ದೂರದಿಂದಲೇ ದಾರಿ ಹೇಳುತ್ತದೆ. ಇಲ್ಲಿ ಮೊದಲು ಕಾಡು. ಒಳಗೆ ಒಂದಿಷ್ಟೂ ಗಾಳಿಯಿಲ್ಲ. ನಮ್ಮ ಬಿಸಿಲು ಸುಡುತ್ತದೆ, ಅಲ್ಲಿಯದು ಬೇಯಿಸುತ್ತದೆ. ಅರ್ಧ ತಾಸಿಗೇ ಅಂಗಿ ಹಿಂಡಿದರೆ ನೀರು ಬರುವಂತಾಯಿತು. ಕಾಡು ಮುಗಿದಲ್ಲಿ ಕಡಲಿಗೆ ಚಾಚಿಕೊಂಡ ಕಲ್ಲುಗುಡ್ಡ. ಕೆಂಪು ಕಲ್ಲಿನ ಮೊನೆಗಳು ಚಪ್ಪಲಿ ದಾಟಿ ಪಾದಕ್ಕೆ ನಾಟುತ್ತಿದ್ದವು. ಗುಡ್ಡದ ಅಂಚಿನಲ್ಲಿ ಒಂದು ಕಡೆ ಕಾಲಿಡಲು ಗೇಣು ಜಾಗ, ಕೆಳಗೆ ಬಂಡೆಗೆ ಅಪ್ಪಳಿಸುವ ನೀರು. ನಾನು ಅಲ್ಲಿ ಕೂತೇಬಿಟ್ಟೆ. ಗಾರ್ಡು ಕೈ ಹಿಡಿದು, ನನ್ನ ಮುಖವನ್ನು ಗುಡ್ಡದ ಕಡೆಗೆ ತಿರುಗಿಸಿ, ಹೆಜ್ಜೆ ಹೆಜ್ಜೆಗೆ ಹೇಳಿಕೊಟ್ಟು ದಾಟಿಸಿದ. ಅರವತ್ತು ದಾಟಿದ ಅಪ್ಪ ಆಗಲೇ ಆಚೆ ನಿಂತು ಕಡಲನ್ನು ನೋಡುತ್ತಿದ್ದ. ಅವನು ಕಡಲು ಕಂಡದ್ದು ಜೀವನದಲ್ಲಿ ಅದೇ ಮೊದಲು.

ಗುಡ್ಡ ಇಳಿದರೆ ಉದ್ದಕ್ಕೂ ಮರಳು. ಹೆಜ್ಜೆ ಇಟ್ಟಷ್ಟೂ ಹೂತುಹೋಗುತ್ತಿತ್ತು. ನಡುನಡುವೆ ಕೇದಗೆಯ ಪೊದೆ ಅಡ್ಡ ಬಂದು, ಅದರ ಗರಗಸದಂಥ ಎಲೆಗಳು ಮೊಣಕೈ ಕೊಯ್ದವು. ಅಪ್ಪ ಕೂಗಳತೆಯಷ್ಟು ಮುಂದೆ ನಡೆಯುತ್ತಿದ್ದ. ನಾನು ಗಾರ್ಡಿನ ಪಕ್ಕ ಬಂದೆ. ಅವತ್ತು ನಿಜವಾಗಿ ಏನಾಯಿತು ಅಂತ ಕೇಳಿದೆ. ಅಪ್ಪನ ಗುಮಾನಿ ನನಗೂ ಸ್ವಲ್ಪ ಅಂಟಿಕೊಂಡಿತ್ತು.

“ಉಬ್ಬರ ಇದ್ದರೆ ಇಳೀಬೇಡ, ಕಾಡಿನ ಸುತ್ತು ದಾರಿಯಲ್ಲಿ ಬಾ ಅಂತ ಹೇಳಿದ್ದೆ ಮಾಸ್ತರೆ,” ಅಂದ ಅವನು. “ನಾನು ಹಳ್ಳದ ಊರವನು, ನನಗೆ ನೀರು ಹೇಳಿಕೊಡ್ತೀಯಾ ಅಂತ ನಕ್ಕ. ಆ ನಗು ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು.” ಅಡ್ಡ ಬಂದ ಕೇದಗೆಯ ಎಲೆ ಸರಿಸಿ ಮತ್ತೆ ಹೇಳಿದ. “ಒಂದು ಮಾತ್ರ ನಮಗೆ ಯಾರಿಗೂ ಅರ್ಥ ಆಗಲಿಲ್ಲ. ಮಾರನೆ ದಿನ ಹುಡುಕಲು ಹೋದಾಗ ದಂಡೆಯಲ್ಲಿ ಮೂರು ಕಲ್ಲು ಸಾಲಾಗಿ ಇಟ್ಟಿದ್ದು ಕಂಡಿತು. ಮೂರನೆಯದರ ಹಿಂದೆ ಅವನ ಬೂಟು. ಪೂಜೆ ಗೀಜೆ ಏನಾದರೂ ಮಾಡಿದ್ನಾ ಅಂತ ನಾವು ಮಾತಾಡಿಕೊಂಡ್ವಿ.”

ನನ್ನ ಕಾಲು ನಿಂತುಹೋಯಿತು. ಯಾರೂ ಹೊಡೆದಿರಲಿಲ್ಲ. ಯಾರೂ ತಳ್ಳಿರಲಿಲ್ಲ. ನನ್ನ ತಮ್ಮ ಅಪ್ಪ ಕಲಿಸಿದ ಹಾಗೆ ಕಲ್ಲಿಟ್ಟು, ಅಪ್ಪ ಕಲಿಸಿದ ಹಾಗೆ ಕಾದು, ಅಪ್ಪ ಕಲಿಸಿದ ಹೊತ್ತಿಗೇ ನೀರಿಗೆ ಇಳಿದಿದ್ದ. ಗಾರ್ಡಿನ ಕೈ ಹಿಡಿದುಕೊಂಡು ಆ ಕಲ್ಲುಗಳ ಅರ್ಥ ಹೇಳಿದೆ. ಅಪ್ಪನ ಮುಂದೆ ಮಾತ್ರ ಅವುಗಳ ಸುದ್ದಿ ಎತ್ತಬೇಡ ಅಂತ ಬೇಡಿಕೊಂಡೆ. ಆಯಿತು ಅಂತ ಗೋಣು ಹಾಕಿದ. ಅಲ್ಲಿಂದ ಮುಂದೆ ನನಗೆ ದಾರಿಯ ಕಷ್ಟ ಮರೆತುಹೋಯಿತು. ಆ ಹಳ್ಳ ಬರುವುದೇ ಬೇಡ ಅಂತ ಅಂದುಕೊಳ್ಳುತ್ತ ನಡೆದೆ.

ಬಂತು. ಹಳ್ಳ ಕಡಲು ಸೇರುವ ಆ ಜಾಗಕ್ಕೆ ಅಲ್ಲಿಯವರು ಅಳಿವೆ ಅನ್ನುತ್ತಾರೆ. ನೋಡಲು ಏನೂ ಅಲ್ಲ. ನಮ್ಮ ಹಳ್ಳಕ್ಕಿಂತ ಸ್ವಲ್ಪ ಅಗಲ, ಅಷ್ಟೇ. ಆಚೆ ಮರಳು, ಈಚೆ ಮರಳು. ಸುತ್ತು ದಾರಿ ಇದೆ, ಇಲ್ಲವಾದರೆ ನೀರು ಪೂರ್ತಿ ಇಳಿಯುವ ತನಕ ಕಾಯಬೇಕು ಅಂದ ಗಾರ್ಡು.

“ಕಾಯೂನು,” ಅಂದ ಅಪ್ಪ. ಬೊಗಸೆಯಲ್ಲಿ ನೀರು ಎತ್ತಿ ಬಾಯಿಗೆ ಹಾಕಿ ಉಗುಳಿದ. “ಉಪ್ಪು.” ತಲೆಯೆತ್ತಿ ಆಕಾಶ ನೋಡಿದ, ಘಟ್ಟದ ಕಡೆ ನೋಡಿದ. “ಮಳಿ ಎಲ್ಲಿ ಆಗೇತ್ರಿ?”

“ಮಳೆ ಇಲ್ಲ ಯಜಮಾನ್ರೆ. ಇದು ಕಡಲಿನ ನೀರು. ದಿನಾ ಎರಡು ಸಲ ಒಳಗೆ ಬರ್ತದೆ, ಎರಡು ಸಲ ಹೊರಗೆ ಹೋಗ್ತದೆ.”

“ಮಳಿ ಇಲ್ದ ಬರ್ತೈತಾ?”

“ಬರ್ತದೆ.”

ಅಪ್ಪನಿಗೆ ಅದು ತಲೆಗೆ ಹೋಯಿತೋ ಇಲ್ಲವೋ ಗೊತ್ತಾಗಲಿಲ್ಲ. ಅವನ ಕೈ ಮಾತ್ರ ತನ್ನ ಕೆಲಸ ತಾನು ಮಾಡಿತು. ಬಗ್ಗಿ ಒಂದು ಕಲ್ಲು ಎತ್ತಿ ನೀರಿನ ಅಂಚಿಗೆ ಇಟ್ಟು ಪಕ್ಕದಲ್ಲಿ ಕೂತ. ಗಾರ್ಡು ನನ್ನ ಕಡೆ ನೋಡಿದ. ಅಪ್ಪನನ್ನು ಎಬ್ಬಿಸಬೇಕು ಅನ್ನಿಸಿತು, ಆದರೆ ಏನಂತ ಹೇಳಿ ಎಬ್ಬಿಸುವುದು? ರೊಟ್ಟಿ ಬುತ್ತಿ ಬಿಚ್ಚಿ, ಉಣ್ಣು ಬಾ ಅಂತ ಕರೆದೆ. ಇಲ್ಲಿಗೇ ಕೊಡು ಅಂದ. ಕೈಯಲ್ಲಿ ರೊಟ್ಟಿ ಹಿಡಿದುಕೊಂಡು ನೀರು ನೋಡುತ್ತಿದ್ದ.

ಕಲ್ಲು ಮುಳುಗಿತು. ಎರಡನೆಯದನ್ನು ಇಟ್ಟ. ಅಷ್ಟರಲ್ಲಿ ನೀರಿನ ಬಣ್ಣ ಬದಲಾಗತೊಡಗಿತ್ತು. ಮೊದಲು ಹಳ್ಳದ ಕಂದು ನೀರಿತ್ತು. ಕಡಲು ಒಳಗೆ ನುಗ್ಗಿದಂತೆಲ್ಲ ಅದು ತಿಳಿಯಾಗುತ್ತ ಬಂತು. ಅಪ್ಪನ ಹುಬ್ಬು ಗಂಟಾಯಿತು. ತಿಳಿಯಾಗುತ್ತಿದೆ, ಆದರೂ ಏರುತ್ತಿದೆ. ಹಾಗಾಗುವುದನ್ನು ಅವನು ಎಂದೂ ಕಂಡಿರಲಿಲ್ಲ. ಎರಡನೆಯ ಕಲ್ಲೂ ಮುಳುಗಿತು. ಮೂರನೆಯದನ್ನು ಇಟ್ಟ.

ಮೂರನೆಯ ಕಲ್ಲಿನ ಬುಡಕ್ಕೆ ಬಂದು ನೀರು ನಿಂತಿತು. ಅಂಚಿನಲ್ಲಿ ಕೆಳಗಿನ ಮರಳಿನ ಕಣ ಎಣಿಸಬಹುದಾದಷ್ಟು ತಿಳಿ. ಮೇಲೆ ಒಂದು ಅಲೆಯಿಲ್ಲ. ನೀರಿಗೆ ಹೆದರುವ ನನಗೂ ಇಳಿಯಬಹುದು ಅನ್ನಿಸಿತು. ಅಪ್ಪ ಎದ್ದ. ಧೋತರ ಮೇಲೆ ಕಟ್ಟಿದ. ಚಪ್ಪಲಿ ಬಿಚ್ಚಿ ಮೂರನೆಯ ಕಲ್ಲಿನ ಹಿಂದೆ ಇಟ್ಟು, ನೀರಿಗೆ ಒಂದು ಕಾಲು ಹಾಕಿದ.

ಗಾರ್ಡು ಓಡಿಹೋಗಿ ಅಪ್ಪನ ರಟ್ಟೆ ಹಿಡಿದ.

“ಬೇಡ ಯಜಮಾನ್ರೆ. ನಡುವೆ ಆಳುದ್ದ ನೀರು ಉಂಟು. ಈಗ ನಿಂತಿದೆ, ಇನ್ನು ಸ್ವಲ್ಪ ಹೊತ್ತಿಗೆ ಹೊರಗೆ ಎಳೆಯಲು ಶುರು ಮಾಡ್ತದೆ. ಏರುವ ನೀರಿಗಿಂತ ಇಳಿಯುವ ನೀರು ಕೆಟ್ಟದ್ದು ಇಲ್ಲಿ. ಅವನೂ ಇದೇ ಹೊತ್ತಿಗೆ…”

ಅಷ್ಟಕ್ಕೇ ನಿಲ್ಲಿಸಿದ. ಅಪ್ಪ ತನ್ನ ರಟ್ಟೆ ಹಿಡಿದ ಕೈ ನೋಡಿದ. ಗಾರ್ಡಿನ ಕಣ್ಣು ಎಲ್ಲಿದೆ ಅಂತ ನೋಡಿದ. ಅದು ಮೂರನೆಯ ಕಲ್ಲಿನ ಮೇಲೂ ಅದರ ಹಿಂದಿದ್ದ ಚಪ್ಪಲಿಯ ಮೇಲೂ ಇತ್ತು.

“ಅವನೂ ಹಿಂಗ ಇಟ್ಟಿದ್ನೇನ್ರಿ?”

ಗಾರ್ಡು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. “ಇಲ್ಲಪ್ಪ. ಕಲ್ಲು ಗಿಲ್ಲು ಏನೂ ಇರಲಿಲ್ಲಂತ. ಕಾಲು ಜಾರಿ ಬಿದ್ದಾನಂತ.”

ಅಪ್ಪ ನನ್ನ ಕಡೆ ನೋಡಲಿಲ್ಲ. ನೀರಿಂದ ಕಾಲು ತೆಗೆದು ಮತ್ತೆ ಅಲ್ಲೇ ಕೂತ. ಗಾರ್ಡು ಹೇಳಿದಂತೆಯೇ ಸ್ವಲ್ಪ ಹೊತ್ತಿಗೆ ನೀರು ಕಡಲ ಕಡೆ ತಿರುಗಿತು. ಅಪ್ಪ ಕೈಯಲ್ಲಿ ಉಳಿದಿದ್ದ ರೊಟ್ಟಿ ತುಂಡನ್ನು ನಡುನೀರಿಗೆ ಎಸೆದ. ಅದು ಕ್ಷಣ ತಿರುಗಿ, ಯಾರೋ ಕಿತ್ತುಕೊಂಡು ಓಡಿದ ಹಾಗೆ ಹೋಯಿತು. ನೊರೆಯ ಸಾಲಿನವರೆಗೆ ಕಂಡಿತು, ಆಮೇಲೆ ಕಾಣಲಿಲ್ಲ. ನೀರು ಇಳಿಯುತ್ತ ಇಳಿಯುತ್ತ ಮತ್ತೆ ಕಂದಾಯಿತು. ನಮ್ಮೂರಲ್ಲಿ ಯಾವ ನೀರು ಕಂಡರೆ ಕೂತು ಕಾಯುತ್ತೇವೋ ಅದು ಇಲ್ಲಿ ದಾಟುವ ನೀರು. ಯಾವುದನ್ನು ಕಂಡರೆ ಇಳಿಯುತ್ತೇವೋ ಅದು ಇಲ್ಲಿ ಕೊಲ್ಲುವ ನೀರು. ಅಪ್ಪನಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಜೀವಮಾನವೆಲ್ಲ ನೀರು ಓದಿದವನು ಅವನು.

ಮೂರು ತಾಸು ಹಾಗೇ ಕೂತಿದ್ದ. ಮುಳುಗಿದ್ದ ಕಲ್ಲುಗಳು ಒಂದೊಂದಾಗಿ ಹೊರಗೆ ಬಂದವು. ಕೊನೆಗೆ ಅಳಿವೆಯಲ್ಲಿ ಮೊಣಕಾಲು ತೋಯುವಷ್ಟು ನೀರು ಮಾತ್ರ ಉಳಿಯಿತು. ಈಗ ದಾಟಬಹುದು, ಆಚೆ ಚೌಕಿ ಅರ್ಧ ಮೈಲಿ ಅಂದ ಗಾರ್ಡು.

“ಬ್ಯಾಡ್ರಿ. ಅವ ಇಲ್ಲಿ ತನಕ ಬಂದಿದ್ದ. ನಾನೂ ಇಲ್ಲಿ ತನಕ ಬಂದೆ. ಸಾಕು,” ಅಂದ ಅಪ್ಪ.

ಹೊರಡುವಾಗ ಆ ಮೂರು ಕಲ್ಲುಗಳನ್ನು ಹಾಗೇ ಬಿಟ್ಟು ಹೋಗಲು ನನಗೆ ಆಗಲಿಲ್ಲ. ಬಗ್ಗಿ ಒಂದನ್ನು ಎತ್ತಿಕೊಂಡೆ, ನೀರಿಗೆ ಎಸೆಯೋಣ ಅಂತ.

“ಇಟ್ಬಿಡಲೇ,” ಅಂದ ಅಪ್ಪ, ತಿರುಗದೆ. “ಎಲ್ಲಾರೂ ದಾಟಿಲ್ಲ.”

ಎಲ್ಲಿಂದ ಎತ್ತಿದ್ದೆನೋ ಅಲ್ಲೇ ಇಟ್ಟೆ. ನನಗೆ ಅಳು ತಡೆಯಲಾಗಲಿಲ್ಲ. ಗಾರ್ಡೂ ಅತ್ತ. ಅಪ್ಪ ನಮ್ಮಿಬ್ಬರನ್ನೂ ಬಿಟ್ಟು ಮರಳಿನಲ್ಲಿ ಮುಂದೆ ಹೋದ. ಬರುವಾಗ ಇದ್ದ ನಡಿಗೆ ಅವನಲ್ಲಿ ಉಳಿದಿರಲಿಲ್ಲ. ಗುಡ್ಡದ ಆ ಗೇಣಗಲ ಜಾಗದಲ್ಲಿ ಈ ಸಲ ಅವನೇ ಕೈ ಚಾಚಿದ. ಆಸರೆಗೆ ನನ್ನ ಕೈ ಹಿಡಿದುಕೊಂಡ. ಹೇಗೋ ಇಬ್ಬರೂ ಈಚೆ ಬಂದೆವು. ಹೊತ್ತು ಮುಳುಗುವ ಮೊದಲು ಚೌಕಿ ಸೇರಿದೆವು. ಅವನ ಪಾದದಲ್ಲಿ ಮೂರು ಕಡೆ ರಕ್ತ ಬಂದಿತ್ತು. ತೊಳೆಯಲು ಬಿಡಲಿಲ್ಲ.

ಮರುದಿನ ಊರಿನ ಬಸ್ಸು ಹತ್ತಿದೆವು. ನಾನು ಸುಳ್ಳು ಹೇಳಿದ್ದು ಸರಿಯೋ ತಪ್ಪೋ ಅಂತ ನನ್ನೊಳಗೇ ಜಗಳವಾಡುತ್ತ ಕೂತಿದ್ದೆ. ಹರಪನಹಳ್ಳಿ ದಾಟಿದ ಮೇಲೆ ಅಪ್ಪ ಕಿಟಕಿ ಕಡೆ ಮುಖ ಮಾಡಿಯೇ, “ನಿನಗ ಸುಳ್ಳು ಹೇಳಾಕ ಬರಂಗಿಲ್ಲ,” ಅಂದ. ಬೈಗುಳವಾಗಿರಲಿಲ್ಲ ಅದು. ನನ್ನ ಮೊಣಕಾಲಿನ ಮೇಲೆ ಕೈ ಇಟ್ಟ. ಅವನು ನನ್ನನ್ನು ಹಾಗೆ ಮುಟ್ಟಿದ ನೆನಪು ನನಗೆ ಅದಕ್ಕೆ ಮೊದಲು ಇಲ್ಲ.

ಅವ್ವ ಬಾಗಿಲಲ್ಲೇ ಇದ್ದಳು. ನೀರು ಕೊಟ್ಟು, ಅಪ್ಪ ಕುಡಿದು ಮುಗಿಸುವ ತನಕ ತಡೆದುಕೊಂಡು, ಆಮೇಲೆ ಕೇಳಿದಳು. “ಏನಾತಂತ? ಯಾರರ ಏನರ ಮಾಡಿದ್ರಾ ನನ್ನ ಮಗನಿಗೆ?”

“ಯಾರೂ ಏನೂ ಮಾಡಿಲ್ಲ.”

“ಮತ್ತ ಅವ ಏನರ ತಪ್ಪು ಮಾಡಿದ್ನಾ?”

“ಇಲ್ಲ,” ಅಂದ ಅಪ್ಪ. ಚೊಂಬನ್ನು ಕೆಳಗಿಟ್ಟ. “ಅವ ಒಂದೂ ತಪ್ಪು ಮಾಡಿಲ್ಲ. ನಾ ಹೇಳಿದಂಗ ಮಾಡ್ಯಾನ.”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಒಂದಿಷ್ಟು ಸಮಾಧಾನ ಕಂಡಿತು.

ಆ ವರ್ಷ ಮುಂಗಾರಿನಲ್ಲಿ ಹಳ್ಳ ಬಂದಾಗ ಜನ ಎಂದಿನಂತೆ ಕರೆಯಲು ಬಂದರು. ಅಪ್ಪ ಕಟ್ಟೆಯಿಂದ ಏಳಲಿಲ್ಲ. ನನಗ ನೀರು ತಿಳಿಯಂಗಿಲ್ಲ, ಬ್ಯಾರೆ ಯಾರನ್ನರ ಕರೀರಿ ಅಂದ. ಮಗ ಹೋದ ಮೇಲೆ ಮುದುಕನಿಗೆ ಮನಸ್ಸು ಕೆಟ್ಟಿದೆ ಅಂದುಕೊಂಡು ಹೋದರು. ಸೇತುವೆ ಆಗುವ ತನಕ, ಆದ ಮೇಲೂ, ಅವನು ಆ ಹಳ್ಳದ ಕಡೆ ಹೋಗಲಿಲ್ಲ. ಆಮೇಲೆ ಆರು ವರ್ಷ ಬದುಕಿದ್ದ. ಆ ಆರು ವರ್ಷವೂ ಮನೆಗೆ ಯಾರು ಬಂದರೂ, ತಮ್ಮನ ಮಾತು ಬಂದಾಗಲೆಲ್ಲ, ಅವ್ವ ಅಪ್ಪನ ಮುಂದೆಯೇ ಕೂತು ಹೆಮ್ಮೆಯಿಂದ ಹೇಳುತ್ತಿದ್ದಳು.

“ನನ್ನ ಮಗನದೇನೂ ತಪ್ಪಿಲ್ರಿ. ಅವರಪ್ಪ ಹೇಳಿದಂಗ ಮಾಡ್ಯಾನ.”

ಅಪ್ಪ ಹೌದು ಅಂತ ಗೋಣು ಹಾಕುತ್ತಿದ್ದ.